ಮೊದಲು ಜೀವ, ಆಮೇಲೆ ಮಿಜಾಜ್

"ಹಕೀಂ ಸಾಹೇಬ್ರೇ, ನನ್ನ ಮಗಂದು ಯಾವ ಮಿಜಾಜ್ ಅಂತ ಸ್ವಲ್ಪ ನೋಡಿ."

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ತಾಯಂದಿರು ಹೀಗೆ ಕೇಳುವುದುಂಟು. ಮಗ ಊಟ ಬಿಟ್ಟಿರುತ್ತಾನೆ, ನಿದ್ದೆಯಿಲ್ಲ, ಬದುಕಿ ಏನು ಪ್ರಯೋಜನ ಎನ್ನುತ್ತಿರುತ್ತಾನೆ. ಆಗ ನಾನು ನಾಡಿ ಹಿಡಿಯುವ ಮೊದಲು ಅವನನ್ನೇ ಕೇಳುತ್ತೇನೆ: "ಸಾಯಬೇಕು ಅಂತ ಯೋಚನೆ ಬರ್ತಿದೆಯೇನಪ್ಪಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಭಾರ ಇಳಿಸಲು ದಾರಿಯಾಗುತ್ತದೆ.

ಯುನಾನಿಯಲ್ಲಿ ದಮವಿ, ಬಲ್ಗಮಿ, ಸಫ್ರಾವಿ, ಸೌದಾವಿ ಎಂದು ಮಿಜಾಜ್ ಗುರುತಿಸುತ್ತೇವೆ. ಮೈಯ ಬಿಸಿ, ಕೂದಲು, ಬಣ್ಣ, ನಿದ್ದೆ, ಮನಸ್ಸಿನ ಉದ್ವೇಗ ಹೀಗೆ ಹತ್ತು ಲಕ್ಷಣ ನೋಡುತ್ತೇವೆ. ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವ ಪರೀಕ್ಷೆ ಮಾಡುತ್ತಾರೆ. 1943ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಂಎಂಪಿಐ ಅದರಲ್ಲಿ ಪ್ರಸಿದ್ಧ. 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು.

ಆದರೆ ಜ್ವರ ಬಂದವನ ಮೈ ಮುಟ್ಟಿ 'ಇವನದು ಬಿಸಿ ಮಿಜಾಜ್' ಎಂದರೆ ಹೇಗೆ? ಅದು ಜ್ವರದ ಬಿಸಿ, ಅವನದಲ್ಲ. ಸಂಕಟದಲ್ಲಿರುವವನ ಉತ್ತರಗಳೂ ಹಾಗೆಯೇ. ಆ ದಿನದ ನೋವೇ ಅವನ ಸ್ವಭಾವದಂತೆ ಕಾಣಬಹುದು. ಮೊಬೈಲ್‌ನಲ್ಲಿ ಬರುವ ಹತ್ತು ಪ್ರಶ್ನೆಗಳ ಆಟವನ್ನಂತೂ ನಂಬಲೇಬೇಡಿ.

ಮನಸ್ಸು ತುಸು ನೆಲೆಗೆ ಬಂದ ಮೇಲೆ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಸ್ಟೀಫನ್ ಫಿನ್ ರೂಪಿಸಿದ ಕ್ರಮದಲ್ಲಿ ಮೊದಲು ರೋಗಿಯೇ ಪ್ರಶ್ನೆ ಇಡುತ್ತಾನೆ: ನನಗೇಕೆ ಇಷ್ಟು ಬೇಗ ಸಿಟ್ಟು? ಸೋತಾಗ ಯಾರೊಡನೆಯೂ ಮಾತೇ ಬಿಡುವುದೇಕೆ? ಫಲಿತಾಂಶವನ್ನು ಅವನ ಮುಂದಿಟ್ಟು, ಇಬ್ಬರೂ ಕೂತು ಉತ್ತರ ಹುಡುಕುತ್ತಾರೆ. ಅದು ಅವನ ಅಮಾನತ್. ನಿಕಾಹ್ ಮಾತುಕತೆಯಲ್ಲಿ ತೆಗೆಯುವ ಕಾಗದವಲ್ಲ, 'ಇವನು ಹುಟ್ಟಾ ಸೌದಾವಿ' ಎಂದು ಹಣೆಗೆ ಹಚ್ಚುವ ಚೀಟಿಯೂ ಅಲ್ಲ.

ಮನೆಯವರು ಮಾಡಬೇಕಾದ್ದು ಇಷ್ಟು. ಒಬ್ಬನನ್ನೇ ಬಿಡಬೇಡಿ. ತೋಟದ ಔಷಧಿ, ಮಾತ್ರೆಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. 'ಇಮಾನ್ ಕಡಿಮೆ' ಎಂದು ಚುಚ್ಚಬೇಡಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಂಡರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಸನದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ದುಆ ಮಾಡಿ, ಜೊತೆಗೆ ದವಾ ಕೂಡ ಮಾಡಿಸಿ. ಮಿಜಾಜ್ ನೋಡಲು ನನ್ನ ಬಳಿ ಆಮೇಲೆ ಬಂದರೂ ಆದೀತು.