‘ಸಂಶೋಧನೆ ಹೇಳಿದೆ’ ಎಂದರೆ ಸಾಕೇ?

ಕಾಫಿ ಹೃದಯಕ್ಕೆ ಒಳ್ಳೆಯದೆಂದು ಒಂದು ಸಂಶೋಧನೆ ಹೇಳುತ್ತದೆ. ತಿಂಗಳು ಕಳೆಯುವುದರೊಳಗೆ ಅದರಿಂದ ರಕ್ತದೊತ್ತಡ ಏರುತ್ತದೆಂದು ಇನ್ನೊಂದು. ಎರಡನ್ನೂ ಓದಿದ ಮನೆಯ ಹಿರಿಯರು, ‘ಯಾವುದನ್ನಪ್ಪಾ ನಂಬುವುದು?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ನಮ್ಮ ನಾಡಿನ ಹಳೆಯ ಪ್ಲೇಗಿನ ಕಾಲಕ್ಕೆ ಹೋಗಬೇಕು.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಯತೊಡಗಿದರು, ಉಳಿದವರು ಊರು ಬಿಟ್ಟರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಮಾರಿಯ ನಂತರವೇ. ಅಗಲವಾದ ರಸ್ತೆ, ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಓಣಿ, ಗಾಳಿ ಬೆಳಕಿಗೆ ಜಾಗ – ಇವೆಲ್ಲ ಆ ಬಡಾವಣೆಗಳಲ್ಲಿದ್ದವು.

ಆ ವೇಳೆಗೆ ಪ್ಲೇಗಿಗೊಂದು ಲಸಿಕೆ ಬಂದಿತ್ತು. ರಷ್ಯಾದಿಂದ ಬಂದಿದ್ದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅದನ್ನು ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಮರು ವರ್ಷ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಎಂಬ ವೈದ್ಯರು ಊರಿನ ಬಹುಪಾಲು ಜನರಿಗೆ ಈ ಲಸಿಕೆ ಹಾಕಿದರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ, ಹಾಕಿಸಿಕೊಳ್ಳದವರಲ್ಲಿ ವಿಪರೀತ ಎಂಬ ಲೆಕ್ಕ ಹೊರಬಿತ್ತು.

ಲೆಕ್ಕ ನೋಡಿ ಸಂತೋಷಪಟ್ಟವರು ಹಲವರು. ಆದರೆ ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ಅವರ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಅಷ್ಟಕ್ಕೇ ಒಪ್ಪಲಿಲ್ಲ. ಲಸಿಕೆ ಹಾಕಿಸಿಕೊಳ್ಳದವರು ಎಷ್ಟು ಮಂದಿ ಎಂದು ತಿಳಿದದ್ದು ಹೇಗೆ ಎಂಬುದು ಮುಖ್ಯ ಪ್ರಶ್ನೆ. ದಿನದಿನಕ್ಕೂ ಜನ ಲಸಿಕೆ ಪಡೆಯುತ್ತಿದ್ದಾರೆ, ಕೆಲವರು ಊರು ಬಿಡುತ್ತಿದ್ದಾರೆ, ಉಳಿದವರ ಸಂಖ್ಯೆ ವಾರವಾರವೂ ಬದಲಾಗುತ್ತಿದೆ. ಒಂದು ಸರಳ ಉದಾಹರಣೆ ನೋಡಿ. ಲಸಿಕೆ ಇಲ್ಲದವರಲ್ಲಿ ಇಪ್ಪತ್ತು ಜನ ಸತ್ತರು ಎನ್ನೋಣ. ಅವರ ಗುಂಪು ಸಾವಿರದ್ದಾದರೆ ಸಾವು ನೂರಕ್ಕೆ ಎರಡು. ಇನ್ನೂರರದ್ದೇ ಆದರೆ ನೂರಕ್ಕೆ ಹತ್ತು. ಸತ್ತವರು ಅಷ್ಟೇ, ಲಸಿಕೆಯ ಕೀರ್ತಿ ಮಾತ್ರ ಐದು ಪಟ್ಟು ಏರಿಳಿಯುತ್ತದೆ! ಎಲ್ಲವನ್ನೂ ತಿರುವಿಹಾಕಿದ ಆಯೋಗ, ಲಸಿಕೆ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ, ಆದರೆ ಸಂಪೂರ್ಣ ರಕ್ಷಣೆ ಕೊಡದು, ಅಂಕಿಅಂಶಗಳೂ ಅಷ್ಟು ನಿಖರವಲ್ಲ ಎಂದಿತು. ಈ ಮಾತನ್ನು ಲಸಿಕೆಗೆ ಆದ ಅವಮಾನವೆಂದು ತಿಳಿಯಬೇಕಾಗಿಲ್ಲ. ಬೇರೆಯವರ ಕಣ್ಣಿನ ಮುಂದೆ ನಿಂತು ಉಳಿದದ್ದರಿಂದಲೇ ಅದಕ್ಕೆ ತೂಕ ಬಂತು.

ಇಂಥ ಮರುಪರಿಶೀಲನೆ ಹಾಫ್‌ಕಿನ್ ಅವರನ್ನೇ ಒಮ್ಮೆ ಕಾಪಾಡಿತು. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣೆ ನಡೆಸಿದವರು ಪ್ರಯೋಗಾಲಯವನ್ನೇ ದೂಷಿಸಿದರು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ದಾಖಲೆಗಳಲ್ಲಿ ಒಂದು ಸಣ್ಣ ವಿವರವಿತ್ತು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಲಾಗಿತ್ತು. 1907ರಲ್ಲಿ ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮತ್ತಿತರ ತಜ್ಞರು ಸಾಕ್ಷ್ಯವನ್ನು ಮರಳಿ ಓದಿ, ಆರೋಪ ನಿಲ್ಲದೆಂದು ಲಂಡನ್ನಿನ ‘ಟೈಮ್ಸ್’ನಲ್ಲಿ ಬರೆದರು. ಐದು ವರ್ಷ ಕಳಂಕ ಹೊತ್ತ ಮೇಲೆ ಬಂದ ನ್ಯಾಯ ಅದು.

ಇಂದು ಈ ಕೆಲಸ ಪ್ರಕಟಣೆಗೆ ಮೊದಲೇ ಆರಂಭವಾಗುತ್ತದೆ. ಸಂಶೋಧಕರು ಕಳಿಸಿದ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯ ಸಂಪಾದಕರು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕೊಡುತ್ತಾರೆ. ಅವರ ಹೆಸರು ಸಾಮಾನ್ಯವಾಗಿ ಗುಟ್ಟು, ಸಂಬಳವಂತೂ ಇಲ್ಲ. ತಪ್ಪು ಹುಡುಕುವುದು, ಪ್ರಶ್ನೆ ಕೇಳುವುದು, ಬೇಡವೆಂದರೆ ತಿರಸ್ಕರಿಸಲು ಹೇಳುವುದು ಅವರ ಕೆಲಸ. ಇದಕ್ಕೆ ‘ಪಿಯರ್ ರಿವ್ಯೂ’ ಎನ್ನುತ್ತಾರೆ. ಬೆಂಗಳೂರಿನಿಂದ 1932ರಿಂದಲೂ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಕೂಡ ಹೀಗೆಯೇ ಪ್ರಬಂಧಗಳನ್ನು ಸೋಸುತ್ತದೆ.

ಆದರೆ ಈ ಜರಡಿಗೂ ತೂತುಗಳಿವೆ. ತಜ್ಞರು ಓದುವುದು ಕಾಗದದ ಮೇಲಿರುವುದನ್ನು ಮಾತ್ರ. ಅವರು ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಎಣಿಸುವುದಿಲ್ಲ. 2020ರ ಮೇ 22ರಂದು ಹೆಸರಾಂತ ‘ಲ್ಯಾನ್ಸೆಟ್’ ಪತ್ರಿಕೆ, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಹೆಚ್ಚುತ್ತದೆಂಬ ಪ್ರಬಂಧ ಪ್ರಕಟಿಸಿತು. ಆರು ಖಂಡಗಳ 96 ಸಾವಿರ ರೋಗಿಗಳ ಲೆಕ್ಕ! ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮಾತ್ರೆಯ ಭಾಗವನ್ನು ತಡೆಹಿಡಿಯಿತು. ಆ ರೋಗಿಗಳ ದಾಖಲೆ ತೋರಿಸಿ ಎಂದು ಬೇರೆ ವಿಜ್ಞಾನಿಗಳು ಕೇಳಿದಾಗ, ಅವನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ಕೊಡಲಿಲ್ಲ. ಜೂನ್ 4ರಂದು ಪ್ರಬಂಧ ಹಿಂತೆಗೆದುಕೊಳ್ಳಲಾಯಿತು. ಹಿಂತೆಗೆಯಿರಿ ಎಂದು ಕೇಳಿದವರು ನಾಲ್ವರು ಲೇಖಕರಲ್ಲಿ ಮೂವರು. ಮೂಲ ದಾಖಲೆಯ ಸ್ವತಂತ್ರ ತಪಾಸಣೆ ಮಾಡಿಸಲು ಅವರಿಗೇ ಸಾಧ್ಯವಾಗಿರಲಿಲ್ಲ. ಆ ಮಾತ್ರೆಯಿಂದ ಆಸ್ಪತ್ರೆ ಸೇರಿದ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಸರಿಯಾದ ಕ್ರಮದಲ್ಲಿ ತೋರಿಸಿತು, ನಿಜ. ಹಾಗೆಂದು ಮೊದಲ ಪ್ರಬಂಧ ಸರಿಯಾಗಲಿಲ್ಲ.

ಪ್ರಬಂಧದ ಮೇಲೆ ಹೆಸರು ಹಾಕುವುದೆಂದರೆ ಕೀರ್ತಿಯಲ್ಲಿ ಪಾಲು, ಹೊಣೆಯಲ್ಲೂ ಪಾಲು. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಹೆಸರು ಸೇರಿಸುವ ಚಾಳಿ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು, ಇವೆರಡೂ ನಮ್ಮಲ್ಲಿ ಇವೆ ಎಂಬುದು ನಾಚಿಕೆಯ ಸಂಗತಿ. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು.

ಹಾಗಾದರೆ ಓದುಗರು ಮಾಡಬೇಕಾದ್ದೇನು? ಆರೋಗ್ಯದ ಸುದ್ದಿ ಓದುವಾಗ, ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಯಾರೊಡನೆ ಹೋಲಿಸಿದರು ಎಂದು ನೋಡಿ. ಹಣ ಕೊಟ್ಟವರು ಔಷಧಿ ಮಾರುವವರೇ ಆಗಿದ್ದರೆ ಇನ್ನಷ್ಟು ಎಚ್ಚರ ವಹಿಸಿ. ಬೇರೆ ಊರಿನ ಬೇರೆ ತಂಡಕ್ಕೂ ಅದೇ ಫಲ ಸಿಕ್ಕಿದೆಯೇ ಎಂಬುದಂತೂ ಎಲ್ಲಕ್ಕಿಂತ ಮುಖ್ಯ. ಒಂದೇ ಸುದ್ದಿ ಓದಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ನಿಲ್ಲಿಸುವುದು ಅಪಾಯ. ಸುದ್ದಿಯನ್ನು ಕತ್ತರಿಸಿ, ವಿಜ್ಞಾನ ಪತ್ರಿಕೆಯ ಹೆಸರಿದ್ದರೆ ಗುರುತುಹಾಕಿ, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಮನೆಯಲ್ಲಿ ಇಂಟರ್‌ನೆಟ್ ಬಲ್ಲ ಮಕ್ಕಳಿದ್ದರೆ ‘ಪಬ್‌ಮೆಡ್’ನಲ್ಲಿ ಆ ಪ್ರಬಂಧವನ್ನು ಹುಡುಕಿಸಿ. ಹಿಂತೆಗೆದುಕೊಂಡಿದ್ದರೆ ಅದನ್ನು ಅಲ್ಲಿಯೇ ಸ್ಪಷ್ಟವಾಗಿ ನಮೂದಿಸಿರುತ್ತಾರೆ.