ಅರಸನ ಎದುರು ನಿಂತವರು



ದಾವೀದ, ಸೊಲೊಮೋನ ಎಂಬ ಹೆಸರುಗಳು ನಮ್ಮ ಬೊಮ್ಮನಹಾಳ್ ಸೀಮೆಗೆ ಹೊಸವಲ್ಲ. ಚರ್ಚಿಗೆ ಹೋಗುವವರ ಮನೆಯಲ್ಲಿ ಕನ್ನಡದಲ್ಲಾದರೆ ದಾವೀದ, ತೆಲುಗಿನಲ್ಲಾದರೆ ದಾವೀದು. ಮಸೀದಿಗೆ ಹೋಗುವವರ ಮನೆಯಲ್ಲಿ ಅವರೇ ದಾವೂದ್, ಸುಲೈಮಾನ್. ಹೆಸರು ಗೊತ್ತು, ಆದರೆ ಅವರು ಯಾವ ನಾಡಿನವರು, ಯಾವ ಕಾಲದವರು ಎಂದರೆ ನಮ್ಮಲ್ಲಿ ಹಲವರು ಸುಮ್ಮನಾಗುತ್ತೇವೆ. ಇವತ್ತು ಆ ಕಥೆಯನ್ನು ಚರಿತ್ರೆಯ ಮಾತಾಗಿ ನೋಡೋಣ. ಅರಸರನ್ನಷ್ಟೇ ಅಲ್ಲ, ಅರಸರ ಎದುರು ನಿಂತು ಅವರ ತಪ್ಪನ್ನು ಅವರಿಗೇ ಹೇಳಿದವರನ್ನೂ ನೋಡೋಣ. ಅವರನ್ನೇ ಪ್ರವಾದಿಗಳು ಎನ್ನುತ್ತಾರೆ.

ಮೊದಲು ಆ ನಾಡು ಎಂಥದ್ದು, ಕೇಳಿ. ಅರಬ್ಬೀ ಸಮುದ್ರದಾಚೆ, ಅರೇಬಿಯದ ಮರಳುಗಾಡನ್ನು ದಾಟಿದರೆ, ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿ ಒಂದು ಸಣ್ಣ ನಾಡು. ಉತ್ತರದ ದಾನ್ ಊರಿನಿಂದ ದಕ್ಷಿಣದ ಬೇರ್ಷೆಬದ ತನಕ ಸುಮಾರು 240 ಕಿಲೋಮೀಟರು, ಅಷ್ಟೆ. ಗುಡ್ಡಗಾಡು ನೆಲ. ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ಎಣ್ಣೆ ತೆಗೆಯುವ ಆಲಿವ್ ಅಲ್ಲಿಯ ಬೆಳೆ. ಕುರಿ ಮೇಡು ಅಲ್ಲಿಯ ಬದುಕು. ದೊಡ್ಡ ಹೊಳೆಗಳಿಲ್ಲ, ಮಳೆಯನ್ನೇ ನಂಬಿದ ಬೇಸಾಯ. ಮಳೆಗಾಲದ ನೀರನ್ನು ಬಂಡೆಯಲ್ಲಿ ಕೊರೆದ ಗುಂಡಿಗಳಲ್ಲಿ ತುಂಬಿಟ್ಟುಕೊಂಡು ವರ್ಷವಿಡೀ ಕುಡಿಯಬೇಕು. ಮೋಡ ನೋಡಿ ನೋಡಿ ಕಣ್ಣು ಸೋತ ಅನಂತಪುರ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಜನಕ್ಕೆ ಮೊದಲು ಅರಸನೇ ಇರಲಿಲ್ಲ. ಕುಲದ ಹಿರಿಯರು ನ್ಯಾಯ ಹೇಳುತ್ತಿದ್ದರು. ಸುತ್ತಲಿನವರ ದಾಳಿ ಹೆಚ್ಚಿದಾಗ, ಎಲ್ಲರಿಗೂ ಇರುವಂತೆ ನಮಗೂ ಒಬ್ಬ ಅರಸ ಬೇಕು ಎಂದು ಸಮುವೇಲ ಎಂಬ ಹಿರಿಯನನ್ನು ಕೇಳಿದರು. ಸಮುವೇಲ ಎಚ್ಚರಿಸಿದ್ದು ಹೀಗೆ: ಅರಸ ಬಂದರೆ ನಿಮ್ಮ ಗಂಡುಮಕ್ಕಳನ್ನು ದಂಡಿಗೆ ಒಯ್ಯುತ್ತಾನೆ, ಹೆಣ್ಣುಮಕ್ಕಳನ್ನು ಅಡುಗೆಗೆ ಇಟ್ಟುಕೊಳ್ಳುತ್ತಾನೆ, ಒಳ್ಳೆಯ ಹೊಲಗಳನ್ನು ತನ್ನ ಕಡೆಯವರಿಗೆ ಹಂಚುತ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಕೇಳುತ್ತಾನೆ. ಜನ ಒಪ್ಪಲಿಲ್ಲ. ಸೌಲ ಮೊದಲ ಅರಸನಾದ. ಅವನ ನಂತರ, ಕ್ರಿ.ಪೂ. 1000ರ ಸುಮಾರಿಗೆ, ಕುರಿ ಕಾಯುತ್ತಿದ್ದ ದಾವೀದ ಪಟ್ಟಕ್ಕೆ ಬಂದು ಯೆರೂಸಲೇಮನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ಸೊಲೊಮೋನ ದೇವಾಲಯ ಕಟ್ಟಿಸಿದ, ಅರಮನೆ ಕಟ್ಟಿಸಿದ. ಕಟ್ಟಿದ್ದು ಬಿಟ್ಟಿ ಆಳುಗಳ ಬೆವರಿನಿಂದ. ಆ ಭಾರವನ್ನು ಇಳಿಸು ಎಂದು ಜನ ಅವನ ಮಗ ರೆಹಬ್ಬಾಮನನ್ನು ಬೇಡಿಕೊಂಡರು. ಇಳಿಸು ಎಂದು ಹಿರಿಯರು ಹೇಳಿದರು, ಇನ್ನೂ ಬಿಗಿ ಮಾಡು ಎಂದು ಜೊತೆಗಾರರು ಹೇಳಿದರು. ಅವನು ಜೊತೆಗಾರರ ಮಾತು ಕೇಳಿದ. ಕ್ರಿ.ಪೂ. 930ರ ಹೊತ್ತಿಗೆ ರಾಜ್ಯ ಒಡೆದು ಎರಡಾಯಿತು. ಉತ್ತರದ್ದು ಇಸ್ರಾಯೇಲ್, ದಕ್ಷಿಣದ್ದು ಯೆಹೂದ. ಒಂದೇ ಭಾಷೆಯ, ಒಂದೇ ದೇವರ ಜನರ ನಡುವೆ ಗಡಿ ಬಂತು.

ಇನ್ನು ಪ್ರವಾದಿ ಎಂದರೆ ಯಾರು? ಮುಂದಾಗುವುದನ್ನು ಹೇಳುವವನು ಎಂದು ನಾವು ತಟ್ಟನೆ ಹೇಳಿಬಿಡುತ್ತೇವೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ನುಡಿಯುವ ಕಾರಣಿಕ ನಮಗೆ ಗೊತ್ತು. ಪೋತುಲೂರಿ ವೀರಬ್ರಹ್ಮಂಗಾರಿ ಕಾಲಜ್ಞಾನವೂ ಗೊತ್ತು. ಆದರೆ ಪದವನ್ನೇ ನೋಡಿ. ಕನ್ನಡದಲ್ಲಿ ಪ್ರವಾದಿ, ತೆಲುಗಿನಲ್ಲಿ ಪ್ರವಕ್ತ. ಎರಡರ ಬೇರೂ ಮಾತಾಡುವುದು ಎಂಬುದೇ. ಹೀಬ್ರೂ ಭಾಷೆಯಲ್ಲಿ ಇವರಿಗೆ ನಾಬೀ ಎನ್ನುತ್ತಾರೆ. ನಮ್ಮ ಮುಸ್ಲಿಂ ಬಂಧುಗಳು ಹೇಳುವ ನಬಿ ಎಂಬುದೂ ಅದೇ ಪದ. ಇವರು ನಾಳೆಯ ಮಾತು ಹೇಳುತ್ತಿದ್ದುದು ಇವತ್ತಿನ ನಡತೆಯನ್ನು ತಿದ್ದುವುದಕ್ಕಾಗಿ. ನೀನು ಹೀಗೇ ನಡೆದರೆ ನಾಳೆ ಹೀಗಾಗುತ್ತದೆ ಎಂಬ ಎಚ್ಚರಿಕೆ ಅದು.

ಅರಮನೆಯಲ್ಲಿಯೂ ಪ್ರವಾದಿಗಳಿದ್ದರು, ಸಂಬಳದವರು. ಉತ್ತರದ ಅರಸ ಅಹಾಬ ಒಮ್ಮೆ ಯುದ್ಧಕ್ಕೆ ಹೋಗಲೇ ಬೇಡವೇ ಎಂದು ಕೇಳಿದಾಗ ಸುಮಾರು ನಾನೂರು ಮಂದಿ ಒಕ್ಕೊರಲಿನಿಂದ ಹೋಗು, ಗೆಲ್ಲುತ್ತೀ ಎಂದರು. ಮೀಕಾಯೆಹು ಒಬ್ಬನೇ ಬೇಡ ಎಂದವನು. ಅವನನ್ನು ಸೆರೆಗೆ ಹಾಕಿ, ರೊಟ್ಟಿ ನೀರಷ್ಟೇ ಕೊಡಿ ಎಂದು ಅಪ್ಪಣೆಯಾಯಿತು. ಅಹಾಬ ಆ ಯುದ್ಧದಿಂದ ಜೀವಂತ ಮರಳಲಿಲ್ಲ. ಹಾಗಾದರೆ ನಿಜವಾದ ಪ್ರವಾದಿಯ ಗುರುತು ಏನು? ಅರಸನಿಗೆ ಬೇಕಾದ ಮಾತನ್ನು ಆಡದಿರುವುದು ಒಂದು ಗುರುತು ಎಂದು ಈ ಕಥೆ ತೋರಿಸುತ್ತದೆ.

ದಾವೀದನ ಕಾಲದ ನಾತಾನನ ಕಥೆ ಕೇಳಿ. ದಾವೀದ ತನ್ನ ದಂಡಿನ ಉರೀಯನೆಂಬವನ ಹೆಂಡತಿಯನ್ನು ಕೂಡಿದ. ಅದನ್ನು ಮುಚ್ಚಲು ಉರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಸಾಯಿಸಿದ. ನಾತಾನ ಅರಮನೆಗೆ ಬಂದು ಒಂದು ನ್ಯಾಯ ಒಪ್ಪಿಸಿದ. ಒಬ್ಬ ಸಾಹುಕಾರನಿಗೆ ಹಿಂಡು ಹಿಂಡು ಕುರಿ. ಪಕ್ಕದ ಬಡವನಿಗೆ ಒಂದೇ ಒಂದು ಹೆಣ್ಣು ಮರಿ, ಮಗಳಂತೆ ಸಾಕಿದ್ದು. ಸಾಹುಕಾರನ ಮನೆಗೆ ಬೀಗರು ಬಂದಾಗ ಅವನು ತನ್ನ ಹಿಂಡು ಮುಟ್ಟದೆ ಬಡವನ ಮರಿ ಹಿಡಿದು ಕೊಯ್ದ. ಕೇಳಿದ ದಾವೀದನಿಗೆ ಸಿಟ್ಟು ಉಕ್ಕಿತು, ಅಂಥವನಿಗೆ ಸಾವೇ ಸರಿ ಎಂದ. ಆ ಸಾಹುಕಾರ ಬೇರೆ ಯಾರೂ ಅಲ್ಲ, ನೀನೇ ಎಂದ ನಾತಾನ. ಅರಸ ಅವನನ್ನು ಕೊಲ್ಲಿಸಲಿಲ್ಲ, ತಲೆ ತಗ್ಗಿಸಿದ.

ಎಲ್ಲ ಅರಸರೂ ಹಾಗೆ ತಲೆ ತಗ್ಗಿಸಲಿಲ್ಲ. ಹೊಲದ ವ್ಯಾಜ್ಯ ಕಂಡವರಿಗೆ ನಾಬೋತನ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಕ್ರಿ.ಪೂ. 9ನೇ ಶತಮಾನದ ಮಾತು. ಅಹಾಬನ ಅರಮನೆಯ ಪಕ್ಕ ನಾಬೋತನೆಂಬ ರೈತನ ದ್ರಾಕ್ಷಿ ತೋಟವಿತ್ತು. ಅದನ್ನು ಕೊಡು, ಬೇರೆ ತೋಟವನ್ನೋ ದುಡ್ಡನ್ನೋ ತೆಗೆದುಕೋ ಎಂದ ಅರಸ. ಹಿರಿಯರಿಂದ ಬಂದ ನೆಲ, ಮಾರುವುದಿಲ್ಲ ಎಂದ ನಾಬೋತ. ಅರಸ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ. ಆಗ ರಾಣಿ ಈಜೆಬೆಲಳು ಅರಸನ ಮುದ್ರೆ ಒತ್ತಿ ಊರ ಹಿರಿಯರಿಗೆ ಕಾಗದ ಬರೆದಳು. ಇಬ್ಬರು ಸುಳ್ಳು ಸಾಕ್ಷಿಗಳು ಸಿದ್ಧರಾದರು. ದೇವರನ್ನೂ ಅರಸನನ್ನೂ ಬೈದ ಎಂಬ ಆರೋಪ ಹೊರಿಸಿ ನಾಬೋತನನ್ನು ಕಲ್ಲು ಹೊಡೆದು ಕೊಂದರು. ತೋಟ ಅರಸನದಾಯಿತು.

ಇಲ್ಲಿ ನೋಡಿ, ಕೆಲಸವೆಲ್ಲ ಕಾಗದದ ಪ್ರಕಾರವೇ ನಡೆದಿದೆ. ಮುದ್ರೆ ಇದೆ, ಪಂಚಾಯ್ತಿ ಇದೆ, ಸಾಕ್ಷಿ ಇದೆ, ತೀರ್ಪು ಇದೆ. ಇಲ್ಲದಿದ್ದುದು ನ್ಯಾಯ ಒಂದೇ. ನಮ್ಮ ಕಡೆ ಅಡಂಗಲ್, ಬಳ್ಳಾರಿ ಕಡೆ ಪಹಣಿ. ಆ ಪುಸ್ತಕದಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಬರೆದರೆ ಒಂದು ಮನೆತನ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಅರಸ ತೋಟ ನೋಡಲು ಇಳಿದು ಬಂದಾಗ ಎದುರಿಗೆ ಎಲೀಯ ನಿಂತಿದ್ದ. ಮೂರು ವರ್ಷ ಮಳೆ ಬಾರದ ಬರಗಾಲದಲ್ಲಿ ಈ ಅರಸನನ್ನು ಎದುರಿಸಿದ್ದ ಎಲೀಯನೇ ಇವನು. ಕೊಂದದ್ದೂ ಅಲ್ಲದೆ ಆಸ್ತಿಯನ್ನೂ ನುಂಗಿದೆಯಾ ಎಂದು ಕೇಳಿದ. ಸತ್ತ ರೈತನ ಪರವಾಗಿ ಮಾತಾಡಲು ಆ ರಾಜ್ಯದಲ್ಲಿ ಒಬ್ಬನಾದರೂ ಇದ್ದ.

ಮುಂದಿನ ಶತಮಾನದಲ್ಲಿ, ಕ್ರಿ.ಪೂ. 760ರ ಸುಮಾರಿಗೆ, ಆಮೋಸ ಬಂದ. ಇವನು ದಕ್ಷಿಣದ ಯೆಹೂದದ ತೆಕೋವ ಊರಿನವನು. ಕುರಿ ಸಾಕುವುದು, ಅತ್ತಿ ಜಾತಿಯ ಹಣ್ಣಿನ ಮರ ನೋಡಿಕೊಳ್ಳುವುದು ಇವನ ಕಸುಬು. ಗಡಿ ದಾಟಿ ಉತ್ತರದ ಬೇತೇಲಿಗೆ ಹೋಗಿ, ಅಲ್ಲಿಯ ರಾಜಗುಡಿಯ ಮುಂದೆ ಮಾತಾಡಿದ. ಅಳೆಯುವ ಬಳ್ಳವನ್ನು ಕಿರಿದು ಮಾಡುತ್ತೀರಿ, ತೂಕದ ಕಲ್ಲನ್ನು ಭಾರ ಮಾಡುತ್ತೀರಿ, ಒಂದು ಜೊತೆ ಕೆರದ ಸಾಲಕ್ಕೆ ಬಡವನನ್ನೇ ಮಾರುತ್ತೀರಿ, ಇಂಥವರ ಹಬ್ಬ ಹಾಡು ದೇವರಿಗೆ ಬೇಡ ಎಂದ. ಗುಡಿಯ ಯಾಜಕ ಅಮಚ್ಯನು, ನಿನ್ನ ರಾಜ್ಯಕ್ಕೆ ಹೋಗು, ಅಲ್ಲಿಯೇ ನುಡಿದು ಹೊಟ್ಟೆ ಹೊರೆದುಕೋ ಎಂದು ಗದರಿಸಿದ. ನೀನು ಆ ಕಡೆಯವನು, ನಮ್ಮ ವಿಷಯ ನಿನಗೇಕೆ ಎಂಬ ಮಾತು ಗಡಿ ಊರುಗಳಲ್ಲಿ ಎಷ್ಟು ಹಳೆಯದು ನೋಡಿ! ಆಮೋಸನ ಉತ್ತರ ಸರಳ: ನಾನು ಹೊಟ್ಟೆಪಾಡಿನ ಪ್ರವಾದಿಯಲ್ಲ, ಕುರಿಯವನು. ಅನ್ಯಾಯಕ್ಕೆ ಗಡಿ ಇಲ್ಲದಿದ್ದರೆ ಅದನ್ನು ಕೇಳುವುದಕ್ಕೂ ಗಡಿ ಇರಬೇಕಾಗಿಲ್ಲ. ಕ್ರಿ.ಪೂ. 722ರ ವೇಳೆಗೆ ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಅಶ್ಶೂರರ ಕೈಗೆ ಬಿತ್ತು. ಆ ರಾಜ್ಯ ಮತ್ತೆ ಏಳಲಿಲ್ಲ.

ದಕ್ಷಿಣದ ಯೆಹೂದ ಉಳಿಯಿತು. ಅಲ್ಲಿ ಹಿಜ್ಕೀಯ ಅರಸ, ಯೆಶಾಯ ಪ್ರವಾದಿ. ಅಶ್ಶೂರರು ಮುತ್ತಿಗೆ ಹಾಕುವರೆಂದು ಊರಿಗೆ ನೀರು ತರಲು ಬಂಡೆಯೊಳಗೆ ಸುರಂಗ ಕೊರೆಸಿದರು. ಉದ್ದ ಸುಮಾರು 533 ಮೀಟರು. ಎರಡು ತಂಡ ಎರಡು ತುದಿಯಿಂದ ಕೊರೆಯುತ್ತ ಬಂದು ನಡುವೆ ಕೂಡಿದವು. ಇನ್ನು ಮೂರು ಮೊಳ ಉಳಿದಿರುವಾಗ ಒಬ್ಬರ ಕೂಗು ಒಬ್ಬರಿಗೆ ಕೇಳಿಸಿತು ಎಂದು ಸುರಂಗದ ಗೋಡೆಯಲ್ಲೇ ಬರೆದಿದ್ದರು. ಆ ಬರಹ 1880ರಲ್ಲಿ ಸಿಕ್ಕಿತು. ವಿಶೇಷ ಏನೆಂದರೆ, ಉಳಿದಿರುವ ಆ ಸಾಲುಗಳಲ್ಲಿ ಅರಸನ ಹೆಸರಿಲ್ಲ, ಕಲ್ಲು ಒಡೆದವರ ಕೆಲಸವಷ್ಟೇ ಇದೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ಬಂದೇ ಬಂದ. ಅವನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಹೊರಗೆ, ನೀರಿನ ಕಾಲುವೆಯ ಹತ್ತಿರ ನಿಂತು ಬೆದರಿಸತೊಡಗಿದ. ಎರಡು ಭಾಷೆಯ ನಡುವೆ ಬದುಕುವ ನೀವು ಈ ಮಾತನ್ನು ಗಮನವಿಟ್ಟು ಕೇಳಬೇಕು. ಹಿಜ್ಕೀಯನ ಅಧಿಕಾರಿಗಳು ಹೊರಗೆ ಬಂದು, ಸ್ವಾಮಿ, ಅರಾಮ್ ಭಾಷೆಯಲ್ಲಿ ಮಾತಾಡಿ, ನಮಗೆ ಅದು ತಿಳಿಯುತ್ತದೆ, ನಮ್ಮ ಭಾಷೆಯಲ್ಲಿ ಬೇಡ, ಗೋಡೆಯ ಮೇಲಿನ ಜನ ಕೇಳಿಸಿಕೊಳ್ಳುತ್ತಾರೆ ಎಂದು ಬೇಡಿದರು. ಅರಾಮ್ ಆಗ ಕಚೇರಿಯ, ರಾಯಭಾರದ ಭಾಷೆ. ರಬ್ಷಾಕೆ ಒಪ್ಪಲಿಲ್ಲ. ಆ ಜನರಿಗಾಗಿಯೇ ಬಂದಿದ್ದೇನೆ ಎಂದು ಜನರ ಭಾಷೆಯಲ್ಲೇ ಇನ್ನೂ ಜೋರಾಗಿ ಕೂಗಿದ. ಮನೆಮಾತು ಅಂದರೆ ಅಷ್ಟು ಬಲದ್ದು. ಹಗೆಯೂ ಅದರ ಬೆಲೆ ಬಲ್ಲ. ಅಧಿಕಾರಿಗೆ ಅದರ ಭಯವೂ ಇರುತ್ತದೆ. ಪ್ರವಾದಿಗಳು ಸಂತೆ ಬಾಗಿಲಲ್ಲಿ, ಗುಡಿಯ ಅಂಗಳದಲ್ಲಿ ಆಡಿದ್ದೂ ಇದೇ ಜನರ ಮಾತಿನಲ್ಲಿ.

ಕೊನೆಯವನು ಯೆರೆಮೀಯ. ಅವನ ಮಾತುಗಳನ್ನು ಬಾರೂಕನೆಂಬ ಬರಹಗಾರ ಸುರುಳಿಯಲ್ಲಿ ಬರೆದ. ಚಳಿಗಾಲ. ಅರಸ ಯೆಹೋಯಾಕೀಮ ಬೆಂಕಿಯ ಮುಂದೆ ಕೂತು, ಓದಿದಷ್ಟನ್ನೂ ಚಾಕುವಿನಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕಿದ. ಯೆರೆಮೀಯ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ, ಮೊದಲಿಗಿಂತ ಹೆಚ್ಚಾಗಿಯೇ ಬರೆದ. ಮುಂದೆ ಯೆರೆಮೀಯನನ್ನು ಕೆಸರು ತುಂಬಿದ ಗುಂಡಿಗೆ ಇಳಿಸಿದರು. ಎತ್ತಿದವನು ಊರಿನವನಲ್ಲ, ಕೂಷ್ ದೇಶದಿಂದ ಬಂದ ಅರಮನೆಯ ಆಳು ಎಬೆದ್ಮೆಲೆಕ. ಹಗ್ಗ ಒತ್ತಬಾರದೆಂದು ಕಂಕುಳಿಗೆ ಹಳೇ ಬಟ್ಟೆ ಕೊಟ್ಟು ಮೇಲೆತ್ತಿದ. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ಅರಸೊತ್ತಿಗೆ ಮುಗಿಯಿತು.

ಇದಕ್ಕೆಲ್ಲ ಪುರಾವೆ ಏನು ಎಂದು ನೀವು ಕೇಳಬಹುದು, ಕೇಳಬೇಕು. ಅಹಾಬನ ಹೆಸರು ಅಶ್ಶೂರದ ಅರಸನ ಶಾಸನದಲ್ಲಿದೆ, ಕ್ರಿ.ಪೂ. 853ರ ಯುದ್ಧಕ್ಕೆ ಅವನು 2,000 ರಥ, 10,000 ಕಾಲಾಳು ತಂದನೆಂದು ಅದು ಹೇಳುತ್ತದೆ. ದಾನ್ ಊರಿನಲ್ಲಿ 1993ರಲ್ಲಿ ಸಿಕ್ಕ ಅರಾಮ್ ಭಾಷೆಯ ಕಲ್ಲಿನಲ್ಲಿ ದಾವೀದನ ಮನೆತನದ ಹೆಸರಿದೆ ಎಂದು ಬಹುಪಾಲು ವಿದ್ವಾಂಸರು ಓದಿದ್ದಾರೆ. ದಾವೀದ ಸೊಲೊಮೋನರ ರಾಜ್ಯ ಎಷ್ಟು ದೊಡ್ಡದಿತ್ತು ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಸನ್ಹೇರೀಬ ತಾನು 46 ಕೋಟೆ ಊರುಗಳನ್ನು ಗೆದ್ದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಮಾಡಿದೆ ಎಂದು ಬರೆಸಿದ. ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಬರೆಸಲಿಲ್ಲ. ಗೆಲ್ಲದ್ದನ್ನು ಅರಸರು ಕಲ್ಲಿಗೆ ಹಾಕಿಸುವುದು ಅಪರೂಪ. ನಮ್ಮ ಸೀಮೆಯ ಶಾಸನಗಳಲ್ಲೂ ಬಿರುದುಗಳೇ ಹೆಚ್ಚು.

ಅಲ್ಲಿಯೇ ಈ ಜನರ ಹೆಚ್ಚುಗಾರಿಕೆ ಇದೆ. ಅವರು ತಮ್ಮ ಅತಿ ದೊಡ್ಡ ಅರಸನ ಪಾಪವನ್ನೂ ಬರೆದಿಟ್ಟರು, ಅವನನ್ನು ಬೈದವನ ಹೆಸರನ್ನೂ ಬರೆದಿಟ್ಟರು, ಎರಡನ್ನೂ ಮಕ್ಕಳಿಗೆ ಓದಿಸಿದರು. ನಮ್ಮ ನಾಡಿಗೂ ಇಂಥ ನೆನಪು ಇದೆ. 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡಿದ್ದ ಬಸವಣ್ಣ, ಹರಳಯ್ಯ ಮಧುವರಸರ ಮಕ್ಕಳ ಮದುವೆಯ ವಿಷಯದಲ್ಲಿ ಅರಸನೊಂದಿಗೆ ನಿಲ್ಲದೆ ಕಲ್ಯಾಣ ಬಿಟ್ಟು ಹೋದ ಕಥೆಯನ್ನು ನಮ್ಮ ಹಿರಿಯರು ಮರೆಯಲು ಬಿಡಲಿಲ್ಲ.

ಈ ಹೀಬ್ರೂ ಕಥೆಗಳು ಕನ್ನಡಕ್ಕೆ ಬಂದದ್ದೂ ನಮ್ಮ ನೆರೆಯಿಂದಲೇ. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರಲು ಕೂತರು. ವಿಲಿಯಂ ರೀವ್ ಅವರ ಜೊತೆಗಾರ. 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಅಚ್ಚು ಹಾಕಿಸಿದವರೂ ಇದೇ ರೀವ್. ಇಡೀ ಬೈಬಲು ಕನ್ನಡದಲ್ಲಿ ಬಂದದ್ದು 1831ರ ಹೊತ್ತಿಗೆ. ಆಗ ರಾಯದುರ್ಗವೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಈ ಕಡೆಗೆ ಬಂದವು.

ಬಂಧುಗಳೇ, ಆ ಎರಡು ರಾಜ್ಯಗಳ ಗಡಿ ಇವತ್ತು ಭೂಪಟದಲ್ಲಿಲ್ಲ. ಅಹಾಬನ ಅರಮನೆಯ ಬುಡದ ಕಲ್ಲಷ್ಟೇ ಉಳಿದಿದೆ. ನಾಬೋತನ ತೋಟಕ್ಕಾಗಿ ಒಬ್ಬ ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೂ ಸರಿ, ತೆಲುಗಿನಲ್ಲಿ ಕೇಳಿದರೂ ಸರಿ, ಕೇಳುವವರು ಊರಲ್ಲಿ ಒಬ್ಬರಾದರೂ ಇರಬೇಕು.