ಸುಮ್ಮನಿರುವ ನೀರೇ ಮೋಸ: ಮೂಲ್ಕಿಯಲ್ಲಿ ಮೂರು ದಿನ

ಬೆಳಗಿನ ಜಾವ ಮೂಲ್ಕಿಯಲ್ಲಿ ಬಸ್ ಇಳಿಯೋ ಹೊತ್ತಿಗೆ ಅವ್ವನ ಮೂರನೇ ಫೋನ್. "ಮುಟ್ಟಿದೇನವಾ? ಸಮುದ್ರದ ಹತ್ರ ಹೋಗಬ್ಯಾಡ ಮತ್ತ." ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದದ್ದೇ ಸಮುದ್ರಕ್ಕೆ ಇಳಿಯೋಕೆ, ಅದೂ ಸರ್ಫಿಂಗ್ ಕಲಿಯೋಕೆ ಅಂತ ಹೇಳುವ ಧೈರ್ಯ ಬರಲಿಲ್ಲ. "ಹೂಂ ಅವ್ವ" ಅಂದು ಫೋನ್ ಇಟ್ಟೆ.

ಅವ್ವನ ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಮ್ಮದು ರಾಣೆಬೆನ್ನೂರು ಕಡೆ. ಸಮುದ್ರ ಅಂದ್ರೆ ಕ್ಯಾಲೆಂಡರ್‌ನಲ್ಲಿ ನೋಡಿದ್ದು. ಎಂಜಿನಿಯರಿಂಗ್ ಕೊನೇ ವರ್ಷ ಕ್ಲಾಸಿನವರೆಲ್ಲ ಸೇರಿ ಕರಾವಳಿಗೆ ಟ್ರಿಪ್ ಹೋಗಿದ್ದೆವು. ಯಾವ ಬೀಚ್ ಅನ್ನೋದು ಇಲ್ಲಿ ಬೇಡ. ಇಳಿದ ಜಾಗದಲ್ಲಿ ಅಲೆ ಜೋರಾಗಿ ಬಂದು ಬಡೀತಿತ್ತು. ಸ್ವಲ್ಪ ಆಚೆ ಒಂದು ಕಡೆ ಮಾತ್ರ ಅಲೆಯೇ ಇಲ್ಲ, ಕೆರೆ ಥರ ಸುಮ್ಮನಿತ್ತು ನೀರು. 'ಅಲ್ಲಿ ಸೇಫು' ಅಂತ ನಾವೇ ತೀರ್ಮಾನ ಮಾಡಿದೆವು. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ನಾಲ್ಕು ಹುಡುಗರು ಇಳಿದರು. ಮೂವರು ಬಂದರು.

ಹನ್ನೊಂದು ವರ್ಷವಾಯ್ತು. ಆಮೇಲೆ ಆಫೀಸಿನವರ ಜೊತೆ ಗೋವಾ, ಗೋಕರ್ಣ ಎಲ್ಲ ಹೋಗಿದ್ದೀನಿ, ಆದರೆ ಚಪ್ಪಲಿ-ಬ್ಯಾಗ್ ಕಾಯೋಳಾಗಿ. ಅವನಿಗೆ ಈಜು ಬರ್ತಿತ್ತು. ನಮ್ಮೂರ ತುಂಗಭದ್ರೆಯಲ್ಲಿ ಈ ದಡದಿಂದ ಆ ದಡಕ್ಕೆ ಹೋಗಿ ಬಂದವನು. ಹಾಗಿದ್ದರೆ ಅವತ್ತು ನಡೆದದ್ದಾದರೂ ಏನು? ನೀರು ಏನು ಮಾಡಿತು? ಈ ಪ್ರಶ್ನೆ ಇಟ್ಟುಕೊಂಡೇ ನಾನು ಮೂಲ್ಕಿಗೆ ಬಂದದ್ದು. ಸರ್ಫಿಂಗ್ ಒಂದು ನೆಪ.

ಮೊದಲು ಊರಿನ ಬಗ್ಗೆ. ಮಂಗಳೂರಿನಿಂದ ಉಡುಪಿ ಕಡೆ ಹೆದ್ದಾರಿ 66ರಲ್ಲಿ ಸುಮಾರು 30 ಕಿಲೋಮೀಟರ್ ಬಂದರೆ ಮೂಲ್ಕಿ. ಸುರತ್ಕಲ್, ಹಳೆಯಂಗಡಿ ದಾಟಿದ ಮೇಲೆ ಸಿಗುತ್ತೆ. ಬೆಂಗಳೂರಿನಿಂದ ಉಡುಪಿ, ಕುಂದಾಪುರದ ಕಡೆ ಹೋಗುವ ರಾತ್ರಿ ಬಸ್ ಹತ್ತಿದರೆ ಸಾಕು. ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ, ಆದರೆ ಎಲ್ಲ ರೈಲೂ ನಿಲ್ಲಲ್ಲ, ನೋಡಿಕೊಂಡು ಬುಕ್ ಮಾಡಿ. ಪಬ್, ಮರಳ ಮೇಲೆ ಟೇಬಲ್, ರಾತ್ರಿ ಮ್ಯೂಸಿಕ್ ಬೇಕು ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ. ಇಲ್ಲಿ ರಾತ್ರಿ ಒಂಬತ್ತಕ್ಕೆ ಊರು ಮಲಗಿರುತ್ತೆ. ಬೆಳಿಗ್ಗೆ ಐದೂವರೆಗೆ ಎದ್ದು ಸಮುದ್ರಕ್ಕೆ ಹೋಗೋರಿಗೆ ಅದೇ ಅನುಕೂಲ.

ಇಂಥ ಊರಿಗೆ ಸರ್ಫಿಂಗ್ ಬಂದ ಕತೆ ಮಜವಾಗಿದೆ. ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ ಮತ್ತು ಅವರ ಶಿಷ್ಯರು 2004ರಲ್ಲಿ ಶಾಂಭವಿ ನದಿ ಪಕ್ಕ ಒಂದು ಆಶ್ರಮ ಮಾಡಿದರು. ಬೆಳಿಗ್ಗೆ ಜಪ, ಆಮೇಲೆ ಸಮುದ್ರ. ಲೋಕ ಅವರನ್ನು 'ಸರ್ಫಿಂಗ್ ಸ್ವಾಮಿ' ಅಂತ ಕರೆಯಿತು. ಅಲ್ಲೇ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು, ಸುತ್ತಲಿನ ಮಕ್ಕಳು ಬೋರ್ಡ್ ಹತ್ತಿದರು. ದೇಶದಲ್ಲಿ ಸರ್ಫಿಂಗ್ ಕಲಿಕೆ ಬೇರೂರಿದ ಮೊದಲ ಜಾಗಗಳಲ್ಲಿ ಇದೂ ಒಂದು. 2016ರ ಮೇ ತಿಂಗಳಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಇಲ್ಲೇ ಪಕ್ಕದ ಸಸಿಹಿತ್ಲುವಿನಲ್ಲಿ. ಈಗ ಊರ ಸುತ್ತ ಕಲಿಸುವವರು ಹಲವರಿದ್ದಾರೆ. ದರ ಸೀಸನ್ ನೋಡಿ ಬದಲಾಗುತ್ತೆ, ಮೊದಲೇ ಫೋನ್ ಮಾಡಿ ಕೇಳಿ. ಕಲಿಸುವವರಿಗೆ ಜೀವರಕ್ಷಣೆಯ ತರಬೇತಿ ಆಗಿದೆಯಾ ಅಂತಲೂ ಕೇಳಿ. ಆ ಪ್ರಶ್ನೆಗೆ ಮುಖ ಸಿಂಡರಿಸಿದರೆ ಅಲ್ಲಿ ಹೋಗಬೇಡಿ.

ನನಗೆ ಕಲಿಸಿದ ಹುಡುಗ ಇಪ್ಪತ್ತೆರಡರವನು. ಮೀನುಗಾರರ ಮನೆಯವನು. ಮೊದಲ ಅರ್ಧ ಗಂಟೆ ಬೋರ್ಡ್ ಮುಟ್ಟೋಕೇ ಬಿಡಲಿಲ್ಲ. "ಸುಮ್ಮನೆ ಕೂತು ನೀರು ನೋಡಿ ಅಕ್ಕ" ಅಂದ. ನೋಡಿದೆ. ಅಲೆ ಬರುತ್ತೆ, ಒಡೆಯುತ್ತೆ, ನೊರೆಯಾಗಿ ದಡಕ್ಕೆ ಬರುತ್ತೆ. "ಇಷ್ಟೊಂದು ನೀರು ದಡಕ್ಕೆ ಬಂತಲ್ಲ, ಅದು ವಾಪಸ್ ಹೋಗೋದು ಎಲ್ಲಿಂದ?" ಅಂತ ಕೇಳಿದ.

ನನ್ನ ಹತ್ರ ಉತ್ತರ ಇರಲಿಲ್ಲ. ಬೆರಳು ತೋರಿಸಿದ. ಎಡಗಡೆ, ಎರಡು ಬಿಳಿ ನೊರೆಯ ಪಟ್ಟಿಗಳ ನಡುವೆ ಒಂದು ಜಾಗ. ಅಲ್ಲಿ ಅಲೆ ಒಡೀತಾ ಇಲ್ಲ. ನೀರಿನ ಬಣ್ಣ ಸ್ವಲ್ಪ ಗಾಢ. ನೋಡೋಕೆ ಎಷ್ಟು ಶಾಂತ ಅಂದ್ರೆ, ಮಗುವನ್ನು ಇಳಿಸಬೇಕು ಅನಿಸುವಷ್ಟು.

ನನ್ನ ಕೈ ತಣ್ಣಗಾಯ್ತು.

ಅದಕ್ಕೆ ರಿಪ್ ಕರೆಂಟ್ ಅಂತಾರೆ. ನೀರಿನ ಒಳಗೆ ಮರಳು ಸಮ ಇರಲ್ಲ, ದಿಬ್ಬ ಇರುತ್ತೆ, ದಿಬ್ಬಗಳ ನಡುವೆ ತಗ್ಗು ಇರುತ್ತೆ. ದಡಕ್ಕೆ ಬಂದು ತುಂಬಿದ ನೀರು ಆ ತಗ್ಗು ಹುಡುಕಿಕೊಂಡು ಹಳ್ಳದ ಥರ ಸಮುದ್ರಕ್ಕೆ ವಾಪಸ್ ಓಡುತ್ತೆ. ಅಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯಲ್ಲ. ಅಲೆ ಒಡೆಯಲ್ಲ ಅಂತಲೇ ಘಟ್ಟದ ಮೇಲಿಂದ ಬಂದ ನಮ್ಮಂಥವರು ಅದನ್ನೇ ಆರಿಸಿಕೊಳ್ತೀವಿ. ಜೋರಿದ್ದಾಗ ಆ ಹರಿವಿಗೆ ಎದುರಾಗಿ ಒಲಿಂಪಿಕ್ ಈಜುಗಾರರೂ ಈಜಲಾರರು. ಅದು ಯಾರನ್ನೂ ಕೆಳಗೆ ಎಳೆಯಲ್ಲ, ಬರೀ ಆಚೆ ಒಯ್ಯುತ್ತೆ. ಮನುಷ್ಯ ಹೆದರಿ, ನೇರ ದಡದ ಕಡೆಗೇ ಈಜಿ ಈಜಿ, ಸುಸ್ತಾಗಿ ಮುಳುಗುತ್ತಾನೆ. ಈಜು ಚೆನ್ನಾಗಿ ಬರುವವನು ಇನ್ನೂ ಹಟ ಹಿಡಿದು ಈಜುತ್ತಾನೆ.

ಹಾಗಾದರೆ ಸಿಕ್ಕಿಬಿದ್ದವರು ಏನು ಮಾಡಬೇಕು? ಅವನು ಹೇಳಿದ್ದನ್ನು ಹಾಗೇ ಬರೀತೀನಿ. ಮೊದಲು ಈಜೋದು ನಿಲ್ಲಿಸಿ, ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಗೊಳ್ಳಿ. ಒಂದು ಕೈ ಎತ್ತಿ. ಶಕ್ತಿ ಇದ್ದರೆ ದಡದ ಕಡೆಗಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆ ಹಳ್ಳದ ಅಗಲ ಹೆಚ್ಚೇನಿರಲ್ಲ. ಅಲೆ ಒಡೆಯುವ ಜಾಗಕ್ಕೆ ಬಂದರೆ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತೆ. ದಡದಲ್ಲಿ ಇರೋರು ಹಿಂದೆಯೇ ಹಾರಬಾರದು. ತೇಲುವಂಥದ್ದು ಏನಾದರೂ, ಖಾಲಿ ಕ್ಯಾನ್ ಆದರೂ ಸರಿ, ಎಸೀಬೇಕು. ಕೂಗಿ ಜನ ಸೇರಿಸಬೇಕು. ಇವತ್ತು ಇಲ್ಲಿದ್ದ ತಗ್ಗು ನಾಳೆ ಬೇರೆ ಕಡೆ ಇರಬಹುದು, ಹಾಗಾಗಿ 'ಹೋದ ವರ್ಷ ಇಲ್ಲೇ ಆಡಿದ್ವಿ' ಅನ್ನೋ ಮಾತಿಗೆ ಬೆಲೆ ಇಲ್ಲ.

"ಗೊತ್ತಿದ್ದೋರಿಗೆ ಇದು ಲಿಫ್ಟ್ ಇದ್ದ ಹಾಗೆ ಮಾರಾಯ್ರೆ" ಅಂದು ನಕ್ಕ. ಸರ್ಫ್ ಮಾಡೋರು ಕಷ್ಟಪಡದೆ ಅಲೆಗಳ ಆಚೆ ಹೋಗೋಕೆ ಇದನ್ನೇ ಹಿಡಿದು ಹೋಗ್ತಾರಂತೆ. ನಾನು ನಗಲಿಲ್ಲ. ಯಾಕೆ ಅಂತ ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ನೀರು ಕುಡೀರಿ, ನಿಧಾನ ಶುರು ಮಾಡುವ" ಅಂದ.

ಕಲಿಯೋರಿಗೆ ಕೊಡೋದು ಎಂಟು ಅಡಿ ಆಸುಪಾಸಿನ ಮೆತ್ತನೆಯ ಫೋಮ್ ಬೋರ್ಡ್. ಅದರ ಹಗ್ಗವನ್ನು ಹಿಂದೆ ಇಡುವ ಕಾಲಿನ ಹರಡಿಗೆ ಕಟ್ಟುತ್ತಾರೆ. ಮೊದಲು ಮರಳಿನ ಮೇಲೇ ಅಭ್ಯಾಸ: ಬೋರಲು ಮಲಗು, ಅಂಗೈ ಎದೆ ಪಕ್ಕಕ್ಕೆ ಊರು, ಒಂದೇ ಏಟಿಗೆ ಎದ್ದು ನಿಲ್ಲು, ಮೊಣಕಾಲು ಬಾಗಿಸು, ಕಣ್ಣು ಮುಂದೆ. ಕೆಳಗೆ ನೋಡಿದೆಯೋ, ಬಿದ್ದೆ. ಹತ್ತು ಸಲ ಮಾಡಿದ್ದಕ್ಕೇ ಎದುಸಿರು ಬಂತು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ಸೊಂಟ ಇದು, ಪಾಪ. ಆಮೇಲೆ ಸೊಂಟದ ಮಟ್ಟದ ನೀರು. ಒಡೆದ ಅಲೆಯ ಬಿಳಿ ನೊರೆಯಲ್ಲೇ ಕಲಿಸೋದು. ಹಿಂದಿನಿಂದ ಅವರೇ ಬೋರ್ಡ್ ತಳ್ಳುತ್ತಾರೆ.

ಬೀಳೋದನ್ನೂ ಕಲಿಸ್ತಾರೆ. ತಲೆ ಮುಂದೆ ಮಾಡಿ ಧುಮುಕಬಾರದು, ಬೆನ್ನ ಮೇಲೋ ಪಕ್ಕಕ್ಕೋ ಚಪ್ಪಟೆಯಾಗಿ ಬೀಳಬೇಕು. ಮೇಲೆ ಬರುವಾಗ ಕೈ ತಲೆಯ ಮೇಲಿರಬೇಕು, ಬೋರ್ಡ್ ಬಡಿಯದ ಹಾಗೆ. ಅಲೆಗೂ ನಿಮಗೂ ನಡುವೆ ಬೋರ್ಡ್ ಅಡ್ಡ ಇಟ್ಟುಕೊಂಡರೆ ಹೊಟ್ಟೆಗೆ ಗುದ್ದು ಗ್ಯಾರಂಟಿ, ನನಗೆ ಬಿತ್ತು. ಏನೇ ಆದರೂ ಬೋರ್ಡ್ ಬಿಡಬಾರದು, ಅದು ತೇಲುತ್ತೆ, ಅದನ್ನು ಹಿಡಿದವರೂ ತೇಲುತ್ತಾರೆ.

ಮೊದಲ ದಿನ ಹದಿನೇಳು ಸಲ ಬಿದ್ದೆ. ಮೂಗು, ಕಿವಿ ತುಂಬ ಉಪ್ಪು ನೀರು. ಮೂರನೇ ಸಲ ನೀರೊಳಗೆ ಹೋದಾಗ ಹಳೆಯದೆಲ್ಲ ನೆನಪಾಗಿ ಎದ್ದು ದಡಕ್ಕೆ ಬಂದು ಕೂತೆ, ಸಾಕು ಅನಿಸಿತ್ತು. ಹುಡುಗ ಕರೆಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಆ ಶಾಂತ ಜಾಗವನ್ನೇ ನೋಡ್ತಾ ಕೂತಿದ್ದೆ. ನೊರೆಯ ಚೂರುಗಳು ಅದರ ಮೇಲೆ ಆಚೆ ಆಚೆ ಹೋಗ್ತಿದ್ದವು. ಗೊತ್ತಿದ್ದು ನೋಡಿದರೆ ಎಷ್ಟು ಸ್ಪಷ್ಟ! ಕಾಲು ಗಂಟೆ ಬಿಟ್ಟು ನಾನೇ ಎದ್ದು ಹೋದೆ. ಎರಡನೇ ದಿನ ಮೂರೋ ನಾಲ್ಕೋ ಸೆಕೆಂಡ್ ನಿಂತೆ. ಬೋರ್ಡಿನ ಕೆಳಗೆ ನೀರು ಸರ್ರನೆ ಓಡುವ ಸದ್ದು ಕೇಳಿಸಿತು. ಅದರ ವಿಡಿಯೋ ಇಲ್ಲ, ನಂಬಬೇಕು ನೀವು.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ: ತುಂಬು ತೋಳಿನ ಈಜು ಟೀಶರ್ಟ್, ಲೆಗ್ಗಿಂಗ್ಸ್ ಸಾಕು. ಕಾಟನ್ ಬೇಡ, ನೆನೆದರೆ ಭಾರ. ಬೋರ್ಡಿಗೆ ಉಜ್ಜಿ ಹೊಟ್ಟೆ, ಮೊಣಕಾಲು ತರಚುತ್ತೆ, ಹಾಗಾಗಿ ಮೈ ಮುಚ್ಚುವ ಬಟ್ಟೆಯೇ ಒಳ್ಳೇದು. ಕಾಲ ಅಂದ್ರೆ, ಹೊಸಬರಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲೆ ಚಿಕ್ಕದು, ಹಿತ. ಮಳೆಗಾಲದ ಮುಂಚೆ, ಮಳೆ ಇಳಿದ ಮೇಲೆ ಅಲೆ ದೊಡ್ಡದಾಗುತ್ತೆ, ಅದು ಬಲ್ಲವರಿಗೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳೇ ಮೀನುಗಾರಿಕೆಗೆ ಹೋಗುವಂತಿಲ್ಲ, ನಿಷೇಧ ಇರುತ್ತೆ. ಆಗ ನಿಮಗೇನು ಕೆಲಸ ಅಲ್ಲಿ?

ಬೆಳಗಿನ ಎರಡು ಗಂಟೆ ಬಿಟ್ಟರೆ ಉಳಿದ ದಿನವೆಲ್ಲ ಖಾಲಿ. ಮಧ್ಯಾಹ್ನ ನಿದ್ದೆ ಮಾಡಿ, ಯಾರೂ ಬೈಯಲ್ಲ. ಸಂಜೆ ಮುಂದೆ ಶಾಂಭವಿ ನದಿಗೆ ಹೋಗಿ. ಕಯಾಕ್ ಇದೆ, ಬೋರ್ಡ್ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್-ಅಪ್ ಪ್ಯಾಡ್ಲಿಂಗ್ ಇದೆ. ಈ ಆಟದಲ್ಲಿ ದೇಶವನ್ನು ಪ್ರತಿನಿಧಿಸಿದ ತನ್ವಿ ಜಗದೀಶ್ ಇದೇ ಊರಿನವರು. ತೆಂಗಿನ ತೋಟ, ಕಾಂಡ್ಲಾ ಗಿಡಗಳ ಸಾಲು, ಅದರ ಬೇರಿನ ಸಂದಿಯಲ್ಲಿ ಏಡಿ. ಉಬ್ಬರ-ಇಳಿತದ ಸಮಯ ಕೇಳಿಕೊಂಡೇ ಹೊರಡಿ. ಉಬ್ಬರದಲ್ಲಿ ಸಮುದ್ರದ ನೀರು ನದಿಯೊಳಗೆ ಬರುತ್ತೆ, ಇಳಿತದಲ್ಲಿ ಎಲ್ಲ ಅಳಿವೆ ಕಡೆ ಎಳೆಯುತ್ತೆ. ವಾಪಸ್ ಬರುವಾಗ ಇಳಿತಕ್ಕೆ ಎದುರು ಹುಟ್ಟು ಹಾಕಿ ನನ್ನ ತೋಳು ಬಿದ್ದೇ ಹೋಯ್ತು.

ನದಿ ಪಕ್ಕದಲ್ಲೇ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿಯಲ್ಲಿ ನಿಂತುಬಿಟ್ಟಿತು, ದೇವಿ ಕನಸಲ್ಲಿ ಬಂದು ಗುಡಿ ಕಟ್ಟು ಅಂದಳು, ಅವನು ಕಟ್ಟಿಸಿದ ಅನ್ನೋದು ಸ್ಥಳದ ಕತೆ. ಊರಿನ ಹೆಸರಲ್ಲೇ ಅವನು ಉಳಿದಿದ್ದಾನೆ. ಜಾತ್ರೆಯಲ್ಲಿ ಆ ಮನೆತನಕ್ಕೆ ಇವತ್ತಿಗೂ ಪ್ರಸಾದದ ಗೌರವ ಇದೆ. ಅಲ್ಲಿನ ದೊಡ್ಡ ಡೋಲು, ಶಯನೋತ್ಸವದ ರಾಶಿ ಮಲ್ಲಿಗೆ ನೋಡಬೇಕಾದರೆ ಜಾತ್ರೆ ಸಮಯಕ್ಕೇ ಹೋಗಬೇಕು.

ಊಟದ ಬಗ್ಗೆ ಹೆಚ್ಚು ಹೇಳಲ್ಲ: ಬೆಳಿಗ್ಗೆ ಬನ್ಸ್ ಅಥವಾ ನೀರುದೋಸೆ, ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಸಂಜೆ ಗೋಳಿಬಜೆ. ಆಶ್ರಮದಲ್ಲಿ ಉಳಿದರೆ ಬರೀ ಸಸ್ಯಾಹಾರ, ಸಿಗರೇಟು ಕುಡಿತ ಇಲ್ಲ. ಇನ್ನೊಂದು ದಿನ ಇದ್ದರೆ ಪಡುಬಿದ್ರಿಗೆ ಹೋಗಿಬನ್ನಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬೀಚ್ ಅದು. ಚೊಕ್ಕಟ, ಕುಟುಂಬದವರಿಗೆ ಸರಿ. ನನಗೆ ಯಾಕೋ ಸಸಿಹಿತ್ಲುವೇ ಹಿಡಿಸಿತು.

ಸಸಿಹಿತ್ಲುವಿನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ. ನಂದಿನಿ, ಶಾಂಭವಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲು ಇಲ್ಲೇ. ಮಳೆಗಾಲದ ಕಡಲ್ಕೊರೆತಕ್ಕೆ ಗಾಳಿಮರಗಳು ಉರುಳುತ್ತವೆ, ದಡ ವರ್ಷ ವರ್ಷ ಬದಲಾಗುತ್ತೆ. ಫೋಟೋಗೆ ಇಷ್ಟು ಚಂದದ ಜಾಗ ಇನ್ನೊಂದಿಲ್ಲ. ಈಜೋಕೆ ಅಳಿವೆಯಷ್ಟು ಕೆಟ್ಟ ಜಾಗವೂ ಇಲ್ಲ: ಇಳಿತದ ಹೊತ್ತಲ್ಲಿ ನದಿ, ಸಮುದ್ರ ಎರಡೂ ಒಟ್ಟಿಗೆ ಆಚೆ ಎಳೆಯುತ್ತವೆ.

ಕೊನೇ ಸಂಜೆ ಅಲ್ಲೇ ಚಹಾ ಹಿಡಿದು ಕೂತಿದ್ದೆ. ಟಿಟಿ ಒಂದು ಬಂದು ನಿಂತಿತು, ಹತ್ತು ಹನ್ನೆರಡು ಹುಡುಗರು ಇಳಿದರು. ಮಾತು ಕೇಳಿದರೆ ನಮ್ಮ ಕಡೆಯವರೇ. ಅಲೆ ನೋಡಿ "ಏ ಇಲ್ಲಿ ಜೋರೈತಿ, ಆ ಕಡೆ ಸುಮ್ನೈತಿ ನೋಡ್ರಲೇ" ಅಂದ ಒಬ್ಬ. ಅವನು ತೋರಿಸಿದ ಕಡೆ ನೋಡಿದೆ. ಎರಡು ನೊರೆಗಳ ನಡುವೆ ಗಾಢ ಬಣ್ಣದ ನೀರು.

ಓಡಿದೆ. "ಅಲ್ಲಿ ಬ್ಯಾಡ್ರೋ" ಅಂತ ಕಿರುಚಿದ್ದು ನನಗೇ ಅವ್ವನ ದನಿ ಥರ ಕೇಳಿಸಿತು. "ನಮಗ ಈಜು ಬರ್ತೈತ್ರಿ ಆಂಟಿ" ಅಂದ ಒಬ್ಬ. ಮೂವತ್ತೆರಡಕ್ಕೇ ಆಂಟಿ! ಆಗಲಿ. ಮರಳ ಮೇಲೆ ಕಾಲಲ್ಲೇ ಗೆರೆ ಎಳೆದು ದಿಬ್ಬ, ತಗ್ಗು, ನೀರು ವಾಪಸ್ ಹೋಗುವ ದಾರಿ ತೋರಿಸಿದೆ. ಒಬ್ಬನಿಗೆ ನಂಬಿಕೆ ಬರಲಿಲ್ಲ. ಅಲ್ಲೇ ಬಿದ್ದಿದ್ದ ಖಾಲಿ ಬಾಟಲಿ ಎತ್ತಿ ಆ ಶಾಂತ ನೀರಿಗೆ ಎಸೆದೆ. ಎಲ್ಲರೂ ನೋಡ್ತಾ ನಿಂತರು. ಬಾಟಲಿ ಸ್ವಲ್ಪ ಹೊತ್ತು ಅಲ್ಲೇ ಕುಣಿಯಿತು, ಆಮೇಲೆ ಯಾವ ಗಲಾಟೆಯೂ ಇಲ್ಲದೆ ಆಚೆ ಹೊರಟಿತು. ಕಾಣದಷ್ಟು ದೂರ.

ಯಾರೂ ಮಾತಾಡಲಿಲ್ಲ. ಆಮೇಲೆ ಬಲಕ್ಕೆ ಸರಿದು, ಅಲೆ ಒಡೆಯುವ ಕಡೆ ಮೊಣಕಾಲು ಮಟ್ಟದ ನೀರಲ್ಲಿ ಕುಣಿದರು. ಅವರ ಟಿಟಿ ಹೊರಡೋವರೆಗೂ ನಾನು ಅಲ್ಲೇ ಕೂತಿದ್ದೆ. ಚಹಾ ಆರಿಹೋಗಿತ್ತು. ಅವ್ವನ ಫೋನ್ ಬಂತು, ಈ ಸಲ ಎಲ್ಲ ಹೇಳಿದೆ.